ಅಮಾವಾಸ್ಯೆಯ ಒಳಗೆ ಕೊಟ್ಟ ಅರ್ಜಿ

ಸಿದ್ದಪ್ಪನಿಗೆ ಅವಸರ ಹುಟ್ಟುಗುಣ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಮೂವತ್ತೆಂಟು ಅಂತಸ್ತಿನ ಕಟ್ಟಡವೊಂದರ ಎ.ಸಿ. ಪ್ಲಾಂಟಿಗೆ ಅವನೇ ಮೇಲ್ವಿಚಾರಕ. ಯಾವ ಮನೆಯಲ್ಲಿ ತಂಪು ಕಡಿಮೆಯಾದರೂ ಐದು ನಿಮಿಷದೊಳಗೆ ಅಲ್ಲಿರಬೇಕು. ಹದಿನಾರು ವರ್ಷ ಹೀಗೆ ಓಡಿ ಓಡಿ, ಓಡುವ ಅಗತ್ಯವಿಲ್ಲದ ಕಡೆಯೂ ಓಡುವ ಚಟ ಅಂಟಿಕೊಂಡಿತ್ತು. ಊರಿಗೆ ಹೋಗುವ ದಿನ ವಿಮಾನ ಹೊರಡುವ ಆರು ತಾಸು ಮೊದಲೇ ಹೆಂಡತಿ ಮಗನನ್ನು ನಿಲ್ದಾಣದಲ್ಲಿ ತಂದು ಕೂರಿಸುವ ಗಂಡಸು ಅವನು. ಅಂಥವನ ಕೈಗೆ ಮಗನ ಶಾಲೆಯ ವಿಷಯ ಸಿಕ್ಕಿತು.

ವಿಷಯ ಇಷ್ಟೇ. ಮಗ ಅಭಿಜೀತ ಎಂಟನೆಯ ಕ್ಲಾಸು ಮುಗಿಸಿ ಒಂಬತ್ತಕ್ಕೆ ಹೋಗಬೇಕಾಗಿತ್ತು. ಅವನು ಓದುತ್ತಿದ್ದದ್ದು ಮುಸಫ್ಫಾದಲ್ಲಿ, ಮನೆಯಿಂದ ಎರಡು ಸಿಗ್ನಲ್ ದೂರದ ಒಂದು ಭಾರತೀಯ ಶಾಲೆಯಲ್ಲಿ. ಅದು ಬಂದವರನ್ನೆಲ್ಲ ಸೇರಿಸಿಕೊಳ್ಳುವ ಶಾಲೆ. ಪ್ರವೇಶ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ, ಬೆಂಚಿನಲ್ಲಿ ಜಾಗವಿದ್ದರೆ ಮಗು ಒಳಗೆ. ಇನ್ನೊಂದು ಶಾಲೆ ಖಲೀಫಾ ಸಿಟಿಯ ವಿಲ್ಲಾಗಳ ನಡುವೆ ಇತ್ತು. ಅದು ಪರೀಕ್ಷೆ ಬರೆಸಿ, ಮಾತಾಡಿಸಿ, ಜರಡಿ ಹಿಡಿದು ಮಕ್ಕಳನ್ನು ಆರಿಸುವ ಶಾಲೆ. ಒಂಬತ್ತನೆಯ ಕ್ಲಾಸಿಗೆ ಅಲ್ಲಿ ಮೂವತ್ತು ಸೀಟು, ಆರು ನೂರು ಅರ್ಜಿ.

ಸಿದ್ದಪ್ಪನ ತಲೆಯಲ್ಲಿ ಈ ಹುಳ ಬಿಟ್ಟವನು ಜೊತೆಗೆ ಕೆಲಸ ಮಾಡುವ ಉಡುಪಿಯ ಧರ್ಮಪಾಲ. ಅವನ ಮಗಳು ಆ ಖಲೀಫಾ ಸಿಟಿ ಶಾಲೆಯಲ್ಲೇ ಓದುತ್ತಿದ್ದಳು. ಊಟದ ಡಬ್ಬಿ ಬಿಚ್ಚಿದಾಗೆಲ್ಲ ಅವನ ಮಾತು ಅಲ್ಲಿಗೇ ಬರುತ್ತಿತ್ತು.

“ನಿಮ್ಮ ಶಾಲೆ ಒಳ್ಳೆದೇ ಮಾರಾಯ್ರೆ. ಆದ್ರೆ ಅಲ್ಲಿ ಎಲ್ಲ ನಮೂನೆ ಮಕ್ಕಳು ಇದ್ದಾರಲ್ಲ, ಹುಷಾರಿ ಮಕ್ಕಳು ಮೇಲೆ ಬರುದು ಕಷ್ಟ,” ಅಂದ ಒಂದು ದಿನ.

‘ಎಲ್ಲ ನಮೂನೆ’ ಅನ್ನುವ ಮಾತು ಸಿದ್ದಪ್ಪನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು, ಅವನು ಮೀನು ತಿನ್ನದ ಮನುಷ್ಯನಾದರೂ. ಅದೇ ವಾರ ಅರ್ಜಿ ಹಾಕಿದ. ಮಗನನ್ನು ಕೇಳಲಿಲ್ಲ. ಒಳ್ಳೆಯದಕ್ಕೆ ಯಾರಾದರೂ ಕೇಳುತ್ತಾರೆಯೇ?

ಅಭಿಜೀತ ಪರೀಕ್ಷೆ ಬರೆದ, ಪಾಸೂ ಆದ. ಆರು ನೂರರಲ್ಲಿ ಇಪ್ಪತ್ತೆರಡನೆಯವನು. ಶಾಲೆಯಿಂದ ಬಂದ ಮೇಲ್‌ನ ಮೊದಲ ಸಾಲಿನಲ್ಲಿ ಅಭಿನಂದನೆ ಇತ್ತು, ಎರಡನೆಯ ಸಾಲಿನಲ್ಲಿ ಸಂದರ್ಶನದ ನಂತರವೇ ಅಂತಿಮ ಪಟ್ಟಿ ಎಂದಿತ್ತು. ಸಿದ್ದಪ್ಪ ಮೊದಲ ಸಾಲನ್ನು ಹನ್ನೊಂದು ಸಲ ಓದಿದ, ಎರಡನೆಯದನ್ನು ಓದಿದನೋ ಇಲ್ಲವೋ ದೇವರಿಗೇ ಗೊತ್ತು.

ಆ ಹೊತ್ತಿಗೆ ಸರಿಯಾಗಿ ಅವನ ತಾಯಿ ರುದ್ರವ್ವ ಎರಡು ತಿಂಗಳ ವಿಸಿಟ್ ವೀಸಾದ ಮೇಲೆ ನರಗುಂದದಿಂದ ಬಂದಿದ್ದಳು. ಮೊಮ್ಮಗ ಗೆದ್ದನೆಂದು ಕೇಳಿ ಅವನ ತಲೆ ಸವರಿ ಲಟಿಗೆ ಮುರಿದಳು. ಆಮೇಲೆ ಗೋಡೆಗೆ ತೂಗುಹಾಕಿದ್ದ, ತಾನೇ ತಂದ ಪಂಚಾಂಗದ ಕ್ಯಾಲೆಂಡರಿನ ಕಡೆ ತಿರುಗಿದಳು.

“ಶನಿವಾರ ಅಮಾಸಿ ಐತಿ ನೋಡು. ಮರುದಿನ ಯುಗಾದಿ. ಹಳೇದೇನೈತಿ ಎಲ್ಲಾ ಅಮಾಸಿ ಒಳಗ ಮುಗಿಸಿಬಿಡು. ಹೊಸ ವರ್ಷಕ್ಕ ಹಳೇ ಸಾಲಿ ಹೆಸರು ಹೊತಗೊಂಡು ಹೋಗಬಾರ್ದು.”

ಸಿದ್ದಪ್ಪನಿಗೆ ಇಷ್ಟೇ ಬೇಕಾಗಿತ್ತು. ಅವಸರಕ್ಕೆ ಶಾಸ್ತ್ರದ ಬೆಂಬಲವೂ ಸಿಕ್ಕರೆ ಇನ್ನು ಹಿಡಿಯುವವರು ಯಾರು!

“ರೀ, ಇಂಟರ್‌ವ್ಯೂನ ಇನ್ನೂ ಆಗಿಲ್ಲ,” ಅಂದಳು ಹೆಂಡತಿ ಮಧುಮತಿ. “ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಬ್ಯಾಡ್ರಿ.”

“ಅದು ಸುಮ್ನ ಹೆಸರಿಗೆ. ಇಪ್ಪತ್ತೆರಡನೇ ನಂಬರ್ ಬಂದಾವನ್ನ ಯಾರು ಬಿಡ್ತಾರ?”

ರಂಜಾನ್ ಉಪವಾಸದ ತಿಂಗಳಾದ್ದರಿಂದ ಶುಕ್ರವಾರ ಶಾಲೆಯ ಆಫೀಸು ಹನ್ನೊಂದೂವರೆಗೆ ಮುಚ್ಚುತ್ತಿತ್ತು. ಹತ್ತಕ್ಕೇ ಸಿದ್ದಪ್ಪ ಟಿ.ಸಿ. ಅರ್ಜಿ ಹಿಡಿದು ಕಿಟಕಿಯ ಮುಂದೆ ನಿಂತಿದ್ದ. ಪ್ರವೇಶದ ಕಾಗದಪತ್ರ ನೋಡಿಕೊಳ್ಳುತ್ತಿದ್ದವರು ಕ್ಯಾಮಿಲಸ್, ಕಿನ್ನಿಗೋಳಿ ಕಡೆಯವರು, ಆ ಶಾಲೆ ಶುರುವಾದಂದಿನಿಂದ ಅದೇ ಕುರ್ಚಿಯಲ್ಲಿ ಕೂತವರು. ಅರ್ಜಿಯನ್ನು ಎರಡು ಸಲ ಓದಿದರು.

“ಅಲ್ಲಿಂದ ಎಡ್ಮಿಶನ್ ಲೆಟರ್ ಬಂತಾ ಸಿದ್ದಪ್ಪನವರೇ?”

“ಬಂದಂಗ ರೀ ಸರ್. ಇವತ್ತ ಮುಗಿಸಿಬಿಡ್ರಿ, ನಾಳೆ ಅಮಾಸಿ.”

“ಟಿ.ಸಿ. ತಗೊಂಡ್ರೆ ಈ ಸೀಟು ಬೇರೆಯವರಿಗೆ ಹೋಗ್ತದೆ. ಗೊತ್ತುಂಟಲ್ಲ?”

“ಹೋಗ್ಲಿ ಬಿಡ್ರಿ. ನಿಮ್ಮ ಸಾಲಿ ಚಲೋನ ಐತ್ರಿ. ಆದ್ರ ಇಲ್ಲಿ ಎಲ್ಲಾ ನಮೂನಿ ಹುಡುಗ್ರು ಇರ್ತಾರ. ನಮ್ಮ ಹುಡುಗಂದು ಈಗ ಲೆವೆಲ್ ಬ್ಯಾರೆ ಆಗೇತಿ.”

ಧರ್ಮಪಾಲನ ಮಾತು ತನ್ನ ಬಾಯಿಂದ ಇಷ್ಟು ಸಲೀಸಾಗಿ ಬಂದದ್ದು ಸಿದ್ದಪ್ಪನಿಗೇ ಗೊತ್ತಾಗಲಿಲ್ಲ. ಕ್ಯಾಮಿಲಸ್ ನಕಲು ಪ್ರತಿಯ ಮೇಲೆ ಅರ್ಜಿ ತಲುಪಿದ ಮೊಹರು ಒತ್ತಿ ಕೊಟ್ಟರು.

ಆ ವರ್ಷ ಯುಗಾದಿಯೂ ಈದ್ ಹಬ್ಬವೂ ಒಂದೇ ದಿನ ಬಂದಿದ್ದವು. ಇಡೀ ಊರು ಚಂದ್ರ ಯಾವಾಗ ಕಾಣುತ್ತಾನೋ ಎಂದು ಆಕಾಶ ನೋಡುತ್ತಿದ್ದರೆ, ಚಂದ್ರ ಕಾಣೆಯಾಗುವುದರೊಳಗೆ ಕೆಲಸ ಮುಗಿಸಿದವನು ಸಿದ್ದಪ್ಪ ಒಬ್ಬನೇ. ಭಾನುವಾರ ಬೇವು ಬೆಲ್ಲ ತಿಂದು, ಹೋಳಿಗೆ ಉಂಡು, ಗದಗಿನಿಂದ ಧಾರವಾಡದವರೆಗೆ ಎಲ್ಲ ನೆಂಟರಿಗೂ ಫೋನು ಮಾಡಿ, ಮಗನಿಗೆ ದೊಡ್ಡ ಶಾಲೆಯಲ್ಲಿ ಸೀಟು ಸಿಕ್ಕಿತೆಂದು ಸಾರಿದ.

ಗುರುವಾರ ಸಂದರ್ಶನ. ಅಭಿಜೀತ ಒಳಗೆ ಹೋದವನು ಕಾಲು ಗಂಟೆಯಲ್ಲಿ ಹೊರಗೆ ಬಂದ.

“ಏನ್ ಕೇಳಿದ್ರೋ?”

“ನಥಿಂಗ್ ಮಚ್ ಅಪ್ಪಾ. ಜನರಲ್ ಕ್ವೆಶ್ಚನ್ಸ್. ಹಸಿವಾಗೇತಿ, ಶವರ್ಮಾ ತಿನ್ನೂಣೇನು?”

ಶವರ್ಮಾ ತಿಂದರು. ಶುಕ್ರವಾರ ಸಂಜೆ ಮೇಲ್ ಬಂತು. ಅಭಿಜೀತನ ಹೆಸರು ಕಾಯುವವರ ಪಟ್ಟಿಯಲ್ಲಿತ್ತು. ಮೂರನೆಯ ನಂಬರು.

ಸಿದ್ದಪ್ಪ ಆ ಮೇಲ್ ಅನ್ನು ಈ ಸಲ ಕೊನೆಯ ಸಾಲಿನವರೆಗೂ ಓದಿದ. ಆಮೇಲೆ ಮೊಬೈಲಿನಲ್ಲಿ ಹಳೆಯ ಶಾಲೆಯ ವೆಬ್‌ಸೈಟು ತೆರೆದ. ಒಂಬತ್ತನೆಯ ಕ್ಲಾಸಿನ ಮುಂದೆ ಸೀಟು ಭರ್ತಿ ಎಂದು ಕೆಂಪಕ್ಷರದಲ್ಲಿತ್ತು. ಸೋಮವಾರದಿಂದ ಕ್ಲಾಸು ಶುರು. ಶನಿವಾರ ಬೆಳಗಿನಿಂದ ಮುಸಫ್ಫಾ, ಬನಿಯಾಸ್, ಶಹಾಮಾ ಎಂದು ಗೊತ್ತಿದ್ದವರನ್ನೆಲ್ಲ ಹಿಡಿದು ಒಂಬತ್ತು ಶಾಲೆಗಳಲ್ಲಿ ವಿಚಾರಿಸಿದ. ಎಲ್ಲ ಕಡೆಯೂ ಅದೇ ಉತ್ತರ, ಒಂಬತ್ತನೇ ಕ್ಲಾಸಾ, ಮಾಫಿ, ಅಂದರೆ ಇಲ್ಲ. ಅತ್ತ ದರಿ, ಇತ್ತ ಪುಲಿ.

ಸೀಟು ಇಲ್ಲವೆಂದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಡುಗನ ಒಂದು ವರ್ಷ ಹಾಳಾಗಬಾರದೆಂದರೆ ಮಧುಮತಿ ಅವನನ್ನು ಕರೆದುಕೊಂಡು ನರಗುಂದಕ್ಕೆ ಹೋಗಬೇಕು, ಸಿದ್ದಪ್ಪ ಮತ್ತೆ ಕಂಪನಿ ಕ್ಯಾಂಪಿಗೆ. ಹದಿನಾರು ವರ್ಷದಲ್ಲಿ ಹನ್ನೆರಡು ವರ್ಷ ಅವನು ಆ ಕ್ಯಾಂಪಿನಲ್ಲಿ, ಒಂದು ಕೋಣೆಯಲ್ಲಿ ಆರು ಜನರೊಟ್ಟಿಗೆ, ಮಗ ಬೆಳೆಯುವುದನ್ನು ಮೊಬೈಲಿನಲ್ಲಿ ನೋಡಿದವನು. ಮಗ ಮೊದಲ ಸಲ ಸೈಕಲ್ ಹೊಡೆದದ್ದನ್ನೂ ಹಾಗೆಯೇ ನೋಡಿದ್ದ. ಒಂದೇ ಸೂರಿನ ಕೆಳಗೆ ಮೂವರೂ ಇದ್ದದ್ದು ಈ ನಾಲ್ಕೇ ವರ್ಷ.

ಆ ನಾಲ್ಕು ವರ್ಷ ಹೇಗೆ ಬಂತು ಎನ್ನುವುದೂ ಆ ಶನಿವಾರವೇ ನೆನಪಾಗಬೇಕೇ! ಮಧುಮತಿ ಮಗನನ್ನು ಕರೆದುಕೊಂಡು ಬಂದದ್ದು ನವೆಂಬರಿನಲ್ಲಿ, ವರ್ಷದ ನಡುವೆ. ಹುಡುಗ ಊರಿನ ಸರ್ಕಾರಿ ಕನ್ನಡ ಶಾಲೆಯಿಂದ ಬಂದವನು. ಐದು ಶಾಲೆಗಳು ಅವನ ಮುಂದೆ ಇಂಗ್ಲಿಷ್ ಪ್ರಶ್ನೆಪತ್ರಿಕೆ ಇಟ್ಟವು. ಐದರಲ್ಲೂ ಅವನು ತನ್ನ ಹೆಸರು ಬರೆದು, ಕೈಕಟ್ಟಿ ಕೂತು, ಖಾಲಿ ಹಾಳೆ ವಾಪಸ್ ಕೊಟ್ಟ. ಆರನೆಯದು ಈ ಶಾಲೆ. ಇಲ್ಲಿ ಹಾಳೆಯನ್ನೇ ಕೊಡಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಜಸೀನಾ ಎಂಬ ಉಪ್ಪಿನಂಗಡಿಯ ಬ್ಯಾರಿ ಹುಡುಗಿಯ ಪಕ್ಕದಲ್ಲಿ ಕೂರಿಸಿದರು. ಆರು ತಿಂಗಳು ಆ ಪುಟ್ಟ ಹುಡುಗಿ ಟೀಚರ್ ಹೇಳಿದ್ದನ್ನೆಲ್ಲ ಅವನ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದಳು. ಅಭಿಜೀತನ ಬಾಯಲ್ಲಿ ಈಗಲೂ ನರಗುಂದದ ‘ಐತಿ’ಯ ನಡುವೆ ಒಂದು ಮಂಗಳೂರಿನ ‘ಉಂಟು’ ನುಸುಳುವುದು ಅದಕ್ಕೇ. ಅವತ್ತು ಆ ಶಾಲೆಯೂ ಬೇಡ ಅಂದಿದ್ದರೆ ತಾಯಿ ಮಗ ಡಿಸೆಂಬರಿನ ವಿಮಾನ ಹತ್ತುತ್ತಿದ್ದರು. ಹತ್ತಿದ ಏಣಿಯನ್ನು ಒದೆಯುವವರ ಬಗ್ಗೆ ಸಿದ್ದಪ್ಪ ಜನ್ಮವಿಡೀ ಕೇಳಿದ್ದ. ಒದ್ದ ಕಾಲು ತನ್ನದೇ ಎಂದು ಈಗ ತಿಳಿಯಿತು.

ಕಿಟಕಿಯ ಮುಂದೆ ತಾನು ಆಡಿದ ಮಾತನ್ನೂ ಆ ದಿನ ಮನೆಯವರಿಗೆ ಹೇಳಿಕೊಂಡ. ರುದ್ರವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಉಂಡ ಮನಿ ಜಂತಿ ಎಣಿಸಿ ಬಂದೇನು? ನಾ ಹೇಳಿದ್ದು ಹಳೇ ಹರಕು ಚಾಪಿ ಒಗಿ ಅಂತ. ಇರೂ ಮನಿನ ಒಗಿ ಅಂತ ಹೇಳಿದ್ನೇನು?”

“ನೀನ ಅಲ್ಲೇನವ್ವಾ ಅಮಾಸಿ ಒಳಗ ಅಂದಾಕಿ?”

“ನಾ ನೂರು ಹೇಳ್ತೀನಿ. ಲೆಟರ್ ಓದೂ ಕಣ್ಣು ನಿಂದಲ್ಲೇನು?”

ಮಧುಮತಿ ಒಂದೇ ಒಂದು ಸಲವೂ ‘ನಾನು ಹೇಳಿರಲಿಲ್ಲವೇ’ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಅಭಿಜೀತ ಎಂದಿನಂತೆ ಎದ್ದು ಹಳೆಯ ಯೂನಿಫಾರ್ಮ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತು, “ಅಪ್ಪಾ, ನಾ ಇವತ್ತು ಎಲ್ಲಿಗೆ ಹೋಗಬೇಕು?” ಎಂದು ಕೇಳಿದ. ಸಿದ್ದಪ್ಪ ಕಾರಿನ ಕೀಲಿ ತೆಗೆದುಕೊಂಡ. ಶಾಲೆಯ ಗೇಟಿನ ಎದುರು ಮಗನನ್ನು ಕಾರಿನಲ್ಲೇ ಬಿಟ್ಟು ಒಬ್ಬನೇ ಒಳಗೆ ಹೋದ.

ಕಿಟಕಿಯ ಮುಂದೆ ಅದಾಗಲೇ ಏಳೆಂಟು ಜನ ತಂದೆ ತಾಯಿ. ಹೊಸದಾಗಿ ಬಂದವರು, ಕೈಯಲ್ಲಿ ಫೈಲು, ಮುಖದಲ್ಲಿ ಭಯ. ಸಿದ್ದಪ್ಪ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಮೂರು ದಿನದಿಂದ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಸರ್, ಅಲ್ಲಿ ಆಗಲಿಲ್ರಿ. ನಾ ತಪ್ಪು ಮಾಡೇನ್ರಿ. ಅವತ್ತು ಮಾತೂ ತಪ್ಪು ಆಡೇನ್ರಿ. ಹುಡುಗಂದೇನೂ ತಪ್ಪಿಲ್ರಿ. ಮೂಲ್ಯಾಗರ ಒಂದು ಜಾಗಾ...”

ಕ್ಯಾಮಿಲಸ್ ಕೈ ಎತ್ತಿ ತಡೆದರು. ಮೇಜಿನ ಕೆಳಗಿನಿಂದ ಖಾಲಿಯಾದ ಒಂದು ಖರ್ಜೂರದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಕಾಗದಗಳು. ಬೆರಳಿನಿಂದ ಸರಿಸಿ ಸರಿಸಿ ಒಂದನ್ನು ಎಳೆದರು. ಸಿದ್ದಪ್ಪನದೇ ಕೈಬರಹ.

“ನಿಮ್ಮದನ್ನು ನಾನು ಕಂಪ್ಯೂಟರಿಗೆ ಹಾಕ್ಲೇ ಇಲ್ಲ ಮಾರಾಯ್ರೆ.”

“ಅಂದ್ರ?”

“ಅಂದ್ರೆ ಹುಡುಗನ ಹೆಸರು ಇಲ್ಲೇ ಉಂಟು. ನೈನ್ ಬಿ. ಭರ್ತಿ ಅಂತ ತೋರಿಸಿದ್ದು ಅವನನ್ನೂ ಸೇರಿಸಿಯೇ. ಈ ವರ್ಷ ಹದಿನಾಲ್ಕು ಅಪ್ಪಂದಿರು ಆ ಶಾಲೆಯ ಪರೀಕ್ಷೆ ಬರೆಸಿ ಇಲ್ಲಿ ಟಿ.ಸಿ. ಅರ್ಜಿ ಕೊಟ್ಟು ಹೋದ್ರು. ಅಲ್ಲಿಂದ ಲೆಟರ್ ತಂದು ತೋರಿಸುವವರೆಗೆ ಯಾರದ್ದನ್ನೂ ನಾನು ಮುಟ್ಟುದಿಲ್ಲ. ಆರು ಜನ ಲೆಟರ್ ತಂದ್ರು, ಅವರದ್ದು ಹಾಕಿದೆ. ಆ ಆರು ಸೀಟು ಇವತ್ತು ಸಾಲಿನಲ್ಲಿ ನಿಂತಿದ್ದಾರಲ್ಲ, ಅವರಿಗೆ ಮೊದಲೇ ಕೊಟ್ಟಾಗಿದೆ.”

“ನಾ ಅವಸರ ಮಾಡಿದ್ನಲ್ರಿ. ಬೈದು ಕಳಿಸಬಹುದಿತ್ತು.”

“ಬೈದ್ರೆ ನೀವು ಕೇಳ್ತಿದ್ರಾ?” ಕ್ಯಾಮಿಲಸ್ ಕನ್ನಡಕ ತೆಗೆದು ಒರೆಸಿದರು. “ತುಂಬ ವರ್ಷದ ಹಿಂದೆ ಒಬ್ಬರು ಹೀಗೇ ಬಂದ್ರು. ಅದೇ ದಿನ ಟಿ.ಸಿ. ಮಾಡಿ ಕೊಟ್ಟೆ, ಚುರುಕಿನ ಕೆಲಸ ಅಂತ ನನಗೇ ಖುಷಿ. ಅಲ್ಲಿ ಸಿಕ್ಕಲಿಲ್ಲ, ಇಲ್ಲಿ ಸೀಟು ಹೋಗಿಯಾಗಿತ್ತು. ಆ ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತ್ಲು. ಅವತ್ತಿನಿಂದ ನನಗೆ ಅವಸರ ಇಲ್ಲ. ಹುಡುಗ ಎಲ್ಲಿ? ಈಗ ಬೆಲ್ ಆಗ್ತದೆ.”

ಸಿದ್ದಪ್ಪನಿಗೆ ಆ ಕಿಟಕಿಯ ಮುಂದೆಯೇ ಅಳು ಬಂತು. ನಲವತ್ತಾರು ವರ್ಷದ ಗಂಡಸು, ಸಾಲಿನಲ್ಲಿ ಹಿಂದೆ ನಿಂತವರೆಲ್ಲ ನೋಡುತ್ತಿದ್ದರು, ಅವನಿಗೆ ಅದರ ಪರಿವೆಯೇ ಇರಲಿಲ್ಲ. ಕೈಮುಗಿದ. ಹೊರಗೆ ಓಡಿ ಕಾರಿನ ಬಾಗಿಲು ತೆಗೆದು, ಅರಬ್ಬಿಯಲ್ಲಿ ಅವಸರಿಸುತ್ತ, “ಯಲ್ಲಾ, ಓಡು! ನೈನ್ ಬಿ!” ಅಂದ. ಬೆನ್ನಿಗೆ ಚೀಲ ಏರಿಸಿಕೊಂಡು ಓಡುತ್ತಿದ್ದ ಮಗನನ್ನು ಕಣ್ಣಿಂದ ಮರೆಯಾಗುವವರೆಗೂ ನೋಡಿದ. ಅವತ್ತು ಕೆಲಸಕ್ಕೆ ಒಂದು ತಾಸು ತಡವಾಗಿ ಹೋದ, ಹದಿನಾರು ವರ್ಷದಲ್ಲಿ ಮೊದಲ ಸಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಸಿದ್ದಪ್ಪನಿಗೆ ಆಯ್ಕೆಯ ಕಷ್ಟವೇ ಇರುತ್ತಿರಲಿಲ್ಲ. ಆದರೆ ಬುಧವಾರ ಸಂಜೆ ಐದಕ್ಕೆ, ಅವನು ಆಗಷ್ಟೇ ಮನೆಗೆ ಬಂದು ಚಹಾ ಕುಡಿಯುತ್ತಿದ್ದಾಗ, ಖಲೀಫಾ ಸಿಟಿಯ ಶಾಲೆಯಿಂದ ಫೋನು ಬಂತು. ಮಾತಾಡಿದವರು ಸಂದರ್ಶನದಲ್ಲಿ ಕೂತಿದ್ದ ಹಿರಿಯ ಶಿಕ್ಷಕಿ, ಹಿಂದಿಯಲ್ಲಿ, ಬಹಳ ಸೌಜನ್ಯದಿಂದ. ಮೂರು ಕುಟುಂಬಗಳಿಗೆ ದುಬೈಗೆ ವರ್ಗವಾಗಿದೆ, ಸೀಟು ಖಾಲಿಯಾಗಿವೆ, ನಿಮ್ಮ ಹುಡುಗನ ನಂಬರು ಬಂದಿದೆ ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಹುಡುಗ ಎಲ್ಲ ಪ್ರಶ್ನೆಗೂ ಚೆನ್ನಾಗಿ ಉತ್ತರಿಸಿದ್ದ. ಈಗಿನ ಶಾಲೆಯನ್ನು ಏಕೆ ಬಿಡುತ್ತೀ ಎಂದು ಕೇಳಿದಾಗ ಮಾತ್ರ, ಬಿಡಲು ನನಗೆ ಇಷ್ಟವಿಲ್ಲ, ಅಪ್ಪನಿಗೆ ಇಷ್ಟ, ಎಂದಿದ್ದ. ಬರಲು ಹಂಬಲಿಸುವ ಮಕ್ಕಳು ಬೇರೆ ಇದ್ದಾಗ ಅವನನ್ನು ಮುಂದಿಡುವುದು ಹೇಗೆ? “ಒಮ್ಮೆ ಅವನನ್ನೇ ಕೇಳಿ. ಏಳು ಗಂಟೆಯೊಳಗೆ ತಿಳಿಸಿದರೆ ಸಾಕು,” ಎಂದು ಫೋನಿಟ್ಟರು.

ಸಿದ್ದಪ್ಪ ಮಗನನ್ನು ಕರೆದು ಎದುರಿಗೆ ಕೂರಿಸಿಕೊಂಡ. ಮಧುಮತಿ ಅಡುಗೆಮನೆಯ ಬಾಗಿಲಿಗೆ ಬಂದಳು.

“ಇಂಟರ್‌ವ್ಯೂದಾಗ ಹಂಗಂದಿದ್ದು ನನಗ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲ ಅಪ್ಪಾ.”

ಹುಡುಗ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅಷ್ಟೇ. ಅದಕ್ಕೇ ಅದು ಸಿದ್ದಪ್ಪನ ಎದೆಗೆ ನಾಟಿತು.

“ಈಗ ಕೇಳಾಕತ್ತೀನಿ. ಅಲ್ಲಿ ಲ್ಯಾಬ್ ದೊಡ್ಡದೈತಿ. ಐಐಟಿಗೆ ಅಂತನ ಬ್ಯಾರೆ ಸರ್ ಅದಾರ. ಮತ್ತ ಯಾಕ ಬ್ಯಾಡ?”

ಅಭಿಜೀತ ಯೋಚಿಸಿದ. ಹೇಳುವುದು ಬಹಳವಿದ್ದಾಗ ಅವನಿಗೆ ಯಾವ ಭಾಷೆಯಲ್ಲಿ ಶುರು ಮಾಡುವುದೆಂದು ತಿಳಿಯುತ್ತಿರಲಿಲ್ಲ.

“ಅಲ್ಲಿ ಎಲ್ಲಾರೂ ಬಂದ ದಿನನ ಎಲ್ಲಾ ಕಲಿತವರು. ಐ ವಾಸ್ ನಾಟ್ ಲೈಕ್ ದಟ್. ನನಗ ಏನೂ ಬರದಿದ್ದಾಗ ಇವರು ಕಲಿಸಿದ್ರು. ಗಣಿತದ ಸರ್ ನನಗ ಮತ್ತ ಜಸೀನಾಗ ಕ್ಲಾಸ್ ಮುಗಿದ ಮ್ಯಾಲೆ ಒಲಿಂಪಿಯಾಡ್ ಲೆಕ್ಕ ಕೊಡ್ತಾರ. ನಾ ಇಲ್ಲೇ ಓದ್ತೀನಿ ಅಪ್ಪಾ, ಸರಿಯಾಗಿ ಓದ್ತೀನಿ. ನೀವು ಹೋಗು ಅಂದ್ರ ಹೋಗ್ತೀನಿ. ಇಟ್ಸ್ ಓಕೆ.”

ಆ ಕೊನೆಯ ‘ಇಟ್ಸ್ ಓಕೆ’ ಸಿದ್ದಪ್ಪನನ್ನು ಕುರ್ಚಿಯಿಂದ ಎಬ್ಬಿಸಿತು. ಅವನು ಕೆಳಗಿಳಿದು ಕಟ್ಟಡದ ಸುತ್ತ ನಡೆಯತೊಡಗಿದ. ಸುಳ್ಳು ಹೇಳಬಾರದು, ಆಸೆ ಇನ್ನೂ ಇತ್ತು. ಆರು ನೂರು ಮಕ್ಕಳಲ್ಲಿ ತನ್ನ ಮಗನಿಗೆ ಸಿಕ್ಕ ಸೀಟು. ಗದಗಿನಿಂದ ಧಾರವಾಡದವರೆಗೆ ಸಾರಿಯಾಗಿದ್ದ ಸೀಟು. ಧರ್ಮಪಾಲನ ಮುಂದೆ ಡಬ್ಬಿ ಬಿಚ್ಚುವಾಗ ಎದೆ ಸೆಟೆಸುವ ಸೀಟು. ಆ ಶಾಲೆ ಕೆಟ್ಟದ್ದೂ ಅಲ್ಲ, ಆ ಶಿಕ್ಷಕಿಯ ಮಾತು ಕೇಳಿದ ಮೇಲಂತೂ ಅವನಿಗೆ ಅದರ ಮೇಲೆ ಗೌರವ ಹೆಚ್ಚೇ ಆಗಿತ್ತು. ಆದರೆ ಅಲ್ಲಿ ಹುಡುಗನನ್ನು ತೂಗಿ ನೋಡಿ ತೆಗೆದುಕೊಳ್ಳುವವರಿದ್ದರು. ತೂಗಲು ಏನೂ ಇಲ್ಲದ ದಿನ ತೆಗೆದುಕೊಂಡವರು ಎರಡು ಸಿಗ್ನಲ್ ಆಚೆ ಇದ್ದರು. ಐದನೆಯ ಸುತ್ತಿಗೆ ಬರುವಷ್ಟರಲ್ಲಿ ಮನಸ್ಸು ತಿಳಿಯಾಗಿತ್ತು. ಆದರೂ ಇನ್ನೂ ಎರಡು ಸುತ್ತು ಹಾಕಿದ, ಅವಸರದ ತೀರ್ಮಾನ ಆಗಬಾರದೆಂದು.

ಮೇಲೆ ಬಂದು, ಹೆಂಡತಿ, ತಾಯಿ, ಮಗ ಮೂವರೂ ಕೇಳುವಂತೆ ಫೋನು ಮಾಡಿದ. ಅವನ ಹಿಂದಿ ಅಷ್ಟಕ್ಕಷ್ಟೇ. ಬಹಳ ಉಪಕಾರ ಮೇಡಂ, ನೀವು ಹೇಳದಿದ್ದರೆ ನಾನು ನನ್ನ ಮಗನನ್ನು ಕೇಳುತ್ತಲೇ ಇರಲಿಲ್ಲ, ಈ ಸೀಟನ್ನು ನಾಲ್ಕನೆಯ ನಂಬರಿನ ಮಗುವಿಗೆ ಕೊಡಿ, ಎಂದಷ್ಟು ಹೇಳಿದ. ಅಭಿಜೀತ ಬಂದು ಅಪ್ಪನ ಹೆಗಲಿಗೆ ತಲೆ ಆನಿಸಿ ನಿಂತ. ನಾಲ್ಕು ವರ್ಷದಲ್ಲಿ ಅವನು ಅಪ್ಪನ ಹೆಗಲೆತ್ತರ ಆಗಿದ್ದ. ಅದನ್ನು ಕಣ್ಣಾರೆ ನೋಡಲು ಸಿಕ್ಕಿತಲ್ಲ ಎಂದು ಸಿದ್ದಪ್ಪ ಮನಸ್ಸಿನಲ್ಲೇ ಕಾಣದ ದೇವರಿಗೂ ಕಂಡ ಮನುಷ್ಯರಿಗೂ ಕೈಮುಗಿದ.

ಮರುದಿನ ಬೆಳಿಗ್ಗೆ ಟಿ.ಸಿ. ಅರ್ಜಿಯನ್ನು ರದ್ದು ಮಾಡಿಸಲು ಶಾಲೆಗೆ ಹೋದ. ಕ್ಯಾಮಿಲಸ್ ಅರ್ಜಿಯನ್ನು ಅವನ ಕೈಗೇ ಕೊಟ್ಟರು, ಅವನು ಅಲ್ಲೇ ಹರಿದ. ಹೊಸ ವರ್ಷಕ್ಕೆ ಹೆಸರು ಮುಂದುವರಿಸುವ ಫಾರಂ ತುಂಬುವುದು ಬಾಕಿ ಇತ್ತು. ಹೆಸರು, ಕ್ಲಾಸು, ಫೋನ್ ನಂಬರು ಎಲ್ಲ ಬರೆದ. ಕೊನೆಯಲ್ಲಿ, ಈ ಶಾಲೆಯನ್ನೇ ಆರಿಸಿಕೊಳ್ಳಲು ಕಾರಣವೇನು ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಸಿದ್ದಪ್ಪ ಪೆನ್ನು ಹಿಡಿದು ಬಹಳ ಹೊತ್ತು ಕೂತ. ಇಂಗ್ಲಿಷಿನಲ್ಲಿ ಬರಲಿಲ್ಲ. ಕನ್ನಡದಲ್ಲೇ ಎರಡು ಸಾಲು ಬರೆದು ಕಿಟಕಿಯೊಳಗೆ ತಳ್ಳಿದ.

ಕ್ಯಾಮಿಲಸ್ ಕನ್ನಡಕ ಏರಿಸಿಕೊಂಡರು. ಕನ್ನಡ ಓದಿ ವರ್ಷಗಳಾಗಿತ್ತು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಓದಿದರು.

“ಅವತ್ತು ನೀವು ನಮ್ಮನ್ನು ಬೇಡ ಅನ್ನಲಿಲ್ಲ. ಇವತ್ತು ನಾವು ನಿಮ್ಮನ್ನೇ ಬೇಕು ಅಂದೆವು.”

ಆಮೇಲೆ ಫಾರಂ ಮೇಲೆ ಮೊಹರು ಒತ್ತಿದರು.

“ಅಬುಧಾಬಿಯಲ್ಲಿ ಇದನ್ನು ಯಾರು ಓದುದು ಮಾರಾಯ್ರೆ?”

“ನೀವು ಓದಿದ್ರಲ್ರಿ,” ಅಂದ ಸಿದ್ದಪ್ಪ. “ಸಾಕು.”